ದಂಡೆಯ ಬುಡದ ಬಂಡೆಗಳು

ಖಾನಾಪುರದಲ್ಲಿ ಮಲಪ್ರಭೆಯ ಕೆಂಪುಕಲ್ಲಿನ ದಂಡೆಯ ಮೇಲೆ ಬಿಂದುಮಾಧವರಾಯರ ಮನೆ. ಹಿಂದೆಂದೋ ದಂಡೆಯಿಂದ ಕಳಚಿ ಬಿದ್ದ ಬಂಡೆಗಳು ಕೆಳಗೆ ನೀರಂಚಿನಲ್ಲಿದ್ದವು. ಪುಕ್ಕಟೆ ಕಲ್ಲು ಯಾರಿಗೆ ಬೇಡ? ಬೆಳಗಾವಿಯ ಟಿಳಕವಾಡಿಯಲ್ಲಿ ಎಬ್ಬಿಸುತ್ತಿದ್ದ ಹೊಸ ಮನೆಯ ಪಾಯಕ್ಕೆಂದು ರಾಯರು ಹೋದ ವರ್ಷ ಅರ್ಧದಷ್ಟು ಬಂಡೆಗಳನ್ನು ಸಾಗಿಸಿದ್ದರು.

ಉಳಿದರ್ಧಕ್ಕೆ ಗಾಡಿ ಬಂದ ದಿನ ಸೊಸೆ ಕುಂದಾ ಬಂಡೆಯೇರಿ ಕೂತೇಬಿಟ್ಟಳು.

ಮಾವನಿಗೆ ಎದುರಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಸೊಸೆಯ ಮಾತು ಅತ್ತೆಯ ಮೂಲಕವೇ ಹೋಗಬೇಕು. ಹೋಗಲಿ! ಅವಳು ಮೇಲೆ ದಂಡೆಯಂಚಿನಲ್ಲಿ ರಾಯರ ಪಕ್ಕ ನಿಂತಿದ್ದ ಅತ್ತೆಯತ್ತ ತಿರುಗಿ ಇಡೀ ಓಣಿಗೆ ಕೇಳುವಂತೆ ಹೇಳಿದಳು:

"ಅತ್ತಿ, ಅವರಿಗೆ ಹೇಳ್ರಿ. ನನ್ನ ಕೂಸು ಮಲಗೋ ಖೋಲಿ ನಾ ಹೊಳಿಗೆ ಕೊಡೂದಿಲ್ಲ. ಇಲ್ಲಿಂದ ಏಳೂದಿಲ್ಲ."

"ಹುಚ್ಚು ಹಿಡದದೇನ ಇಕಿಗೆ?" ರಾಯರೂ ಹೆಂಡತಿಯನ್ನೇ ಕೇಳಿದರು. "ಬಿದ್ದ ಕಲ್ಲು, ಇದ್ದರೇನು, ಹೋದರೇನು? ಕಲ್ಲಿನ ದಂಡಿ ನೀರಿಗೆ ಕರಗತದೇನು?"

"ಕರಗೂದಿಲ್ಲ, ಕೊರೀತದ! ನನ್ನ ತವರುಮನಿ ಕಾರವಾರದ ಕಡಲದಂಡಿ ಮ್ಯಾಲಿತ್ತು. ತೆರಿ ಬುಡಕ್ಕ ಬಡದು ಬಡದು ಪೊಳ್ಳು ಮಾಡ್ತದ. ಮ್ಯಾಲಿನ ಕಲ್ಲು ಆಧಾರ ಇಲ್ಲದ ಒಂದಿನ ಕಳಚಿ ಬೀಳ್ತದ. ಬಿದ್ದ ಕಲ್ಲ ಆಮ್ಯಾಲ ತೆರಿಯ ಪೆಟ್ಟು ತಿಂದು ದಂಡಿ ಕಾಯ್ತದ. ನಮ್ಮಪ್ಪ ಆ ಕಲ್ಲು ತಂದು ಗ್ವಾಡಿ ಕಟ್ಟಿದ. ಮುಂದ ಗ್ವಾಡಿನೂ ಹೋತು, ಅಡಗಿಮನಿನೂ ಹೋತು."

"ಅದು ಸಮುದ್ರ, ಇದು ಹೊಳಿ," ಎಂದು ರಾಯರು ಗೊಣಗಿದರು.

"ಮಳಿಗಾಲದಾಗ ಹೊಳಿಗೂ ಸೊಕ್ಕು ಕಡಿಮಿಲ್ಲ. ಸುಳ್ಳಂದ್ರ ಕೋಲು ಹಾಕಿ ನೋಡ್ರಿ ಅಂತ ಹೇಳ್ರಿ!"

ಗಾಡಿಯ ಭರಮಣ್ಣ ನಗು ನುಂಗಿಕೊಂಡ. ರಾಯರು ದುಡುದುಡು ಇಳಿದು ಬಂದು, ಬಂಡೆಗಳಿದ್ದ ಕಡೆ ದಂಡೆಯ ಬುಡಕ್ಕೆ ಕೋಲು ಚುಚ್ಚಿದರು. ಟಕ್ಕೆಂದು ಕಲ್ಲಿಗೆ ತಾಗಿತು. ಬಾಜೂಕ, ಬಂಡೆ ತೆಗೆಸಿದ್ದ ಕಡೆ ಚುಚ್ಚಿದರು. ಅಯ್ಯೋ, ಕೋಲು ಹಿಡಿಕೆಯವರೆಗೆ ಒಳಗೆ ಹೋಯಿತು! ತಲೆಯೆತ್ತಿದರೆ ನೇರ ಮೇಲೆ ಕೂಸಿನ ಖೋಲಿಯ ಕಿಟಕಿ. ರಾಯರು ಕೋಲು ಎಳೆದುಕೊಂಡು ಸೊಸೆಯತ್ತ ತಿರುಗಿದರು.

"ಕುಂದಾ," ಎಂದರು. ಸೊಸೆಯನ್ನು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. "ನೀ ಹೇಳಿದ್ದು ಖರೇ ಅದ. ಇಳಿಯವಾ ಇನ್ನ."

"ಮೊದಲ ಗಾಡಿ ತಿರಗಲಿ, ಮಾವಾ," ಎಂದು ಅವಳೂ ನೇರವಾಗಿಯೇ ಹೇಳಿದಳು.

ಗಾಡಿ ಬರಿದಾಗಿಯೇ ತಿರುಗಿತು. ಅಂದೇ ತೊಟ್ಟಿಲು ಓಣಿಯ ಕಡೆಯ ಖೋಲಿಗೆ ಬಂತು. ಬೆಳಗಾವಿಗೆ ಹೋಗಿದ್ದ ಕಲ್ಲುಗಳಲ್ಲಿ ಪಾಯಕ್ಕೆ ಬೀಳದೆ ಉಳಿದವನ್ನು ರಾಯರು ಮರಳಿ ತರಿಸಿ ದಂಡೆಯ ಬುಡಕ್ಕೆ ಹಾಕಿಸಿದರು.

ಅಣ್ಣಂದಿರೇ, ಅಕ್ಕಂದಿರೇ, ಹೊಳೆಯಾಗಲಿ ಕಡಲಾಗಲಿ, ದಂಡೆಯ ಬುಡದ ಕಲ್ಲಿಗೆ ಕೈ ಹಚ್ಚಬೇಡಿ. ಪೊಳ್ಳಾದ ದಂಡೆಯ ಮೇಲೆ ನಿಲ್ಲಬೇಡಿ, ಅದರಡಿ ಬಟ್ಟೆ ಒಗೆಯಬೇಡಿ. ಕಲ್ಲು ಒಯ್ಯಲು ಗಾಡಿ ಬಂದರೆ ಅಡ್ಡ ಕೂತುಬಿಡಿ. ಗಾಡಿ ತರಿಸಿದವರು ನಿಮ್ಮ ಮಾವನೇ ಆಗಿದ್ದರೂ ಸರಿ, ಏಳಬೇಡಿ!