ಏಳನೇ ಮಂಚದ ಬೆನ್ನು

ಈ ಊರಿನ ಅರ್ಧ ಜನರ ಬೆನ್ನು ತಿಕ್ಕಿದವಳು ನಾನು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಆಯಾ ಆಗಿದ್ದೇನೆ. ಅಲ್ಲಿರುವುದು ಮೂವತ್ತೆರಡು ಮಂಚ, ಆದ್ದರಿಂದ ಮೂವತ್ತೆರಡು ಬೆನ್ನು. ಮುಖ ನೋಡಿದರೆ ಹೆಸರು ಮರೆತೇನು, ಬೆನ್ನು ನೋಡಿದರೆ ಮಂಚದ ನಂಬರು ಹೇಳಬಲ್ಲೆ. ಇದು ಮಾತ್ರ ಪೂರ್ತಿ ನಿಜ.

ಒಂದನ್ನು ಹತ್ತು ಮಾಡಿ ಹೇಳುವುದು ನನ್ನ ಚಾಳಿ. ಗಂಡ ಸತ್ತಾಗ ಬೀದಿಗೆ ಬೀದಿಯೇ ಅತ್ತಿತು ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಅತ್ತದ್ದು ನಾನೊಬ್ಬಳೇ, ಅದೂ ಈರುಳ್ಳಿ ಹೆಚ್ಚುವಾಗ. ಹೀಗಾಗಿ ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಬುರುಡೆ ಆಯಾ ಅಂತಲೇ. ಬೆಂಕಿ ಬಿದ್ದಿದೆ ಅಂತ ಕೂಗಿದರೂ, ‘ಬುರುಡೆ ತಾನೇ, ಬೀಡಿ ಹಚ್ಚಿರಬೇಕು ಯಾರೋ’ ಅನ್ನುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ.

“ಏ ಬುರುಡೆ, ಬಟ್ಟೆ ಬಿಚ್ಚೇ.”

ಆವತ್ತು ಬೆಳಿಗ್ಗೆ ಮೇಟ್ರನ್ ಆಡಿದ ಮೊದಲ ಮಾತು ಅದು. ನಾನು ಮೊಣಕಾಲೂರಿ ನೆಲ ಒರೆಸುತ್ತಿದ್ದೆ. ಒಂದು ಗೌನು ಬಂದು ನನ್ನ ತಲೆಯ ಮೇಲೆ ಬಿತ್ತು. ಬೆನ್ನ ಕಡೆ ತೆರೆದು ಲಾಡಿ ಕಟ್ಟುವ, ಹಾಸಿಗೆ ಹಿಡಿದವರು ತೊಡುವ ಗೌನು.

“ಯಾಕಮ್ಮಾ, ನನಗೇನು ಮದುವೆ ಗೊತ್ತು ಮಾಡಿದ್ದೀರಾ?”

“ಬಾಯಿ ಮುಚ್ಚು, ಮುಂಡೆ. ಇವತ್ತೊಂದಿನ ಏಳನೇ ಮಂಚ ನಿಂದು.”

ಏಳನೇ ಮಂಚ ಟೀಚರಮ್ಮನದು. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು. ಲಕ್ವಾ ಹೊಡೆದು ಬಲಗೈ, ಬಲಗಾಲು, ನಾಲಗೆ ಮೂರೂ ಹೋಗಿದ್ದವು. ಉಳಿದದ್ದು ಎಡಗೈ. ಅದರಲ್ಲೇ ಸೊಟ್ಟಸೊಟ್ಟಗೆ ಬರೆಯುವುದನ್ನು ಕಲಿತಿದ್ದರು. ಕೆಲಸ ಮುಗಿಸಿ ಪಕ್ಕದಲ್ಲಿ ಕೂತರೆ ನನ್ನ ಅಂಗೈಯಲ್ಲಿ ಬೆರಳಾಡಿಸಿ ನನಗೂ ಅಕ್ಷರ ಕಲಿಸಲು ನೋಡಿದರು. ಆರು ತಿಂಗಳಲ್ಲಿ ನನಗೆ ಬಂದದ್ದು ಮೂರೇ ಅಕ್ಷರ. ಕಲ್ಲಿಗೆ ಕಲಿಸಿದ್ದರೆ ಅದು ನಾಲ್ಕು ಕಲಿಯುತ್ತಿತ್ತು.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಅದಕ್ಕೇ ಅಂತ ಪ್ರತಿ ಮಂಚದ ಕಾಲ್ದೆಸೆಗೆ ಒಂದು ಹಾಳೆ ತೂಗುಹಾಕಿದೆ. ಸೋಮವಾರ ಟೀ ಕುಡಿಯುತ್ತಾ ಮೇಟ್ರನ್ ಇಡೀ ವಾರದ ಚೌಕಗಳನ್ನು ತುಂಬಿಬಿಡುತ್ತಾಳೆ, ಬೇರೆ ಬೇರೆ ಪೆನ್ನಿನಲ್ಲಿ. ಟೀಚರಮ್ಮ ಗುರುವಾರ ಮಧ್ಯಾಹ್ನ ಯಾವ ಮಗ್ಗುಲಲ್ಲಿ ಮಲಗಿರುತ್ತಾರೆ ಅನ್ನುವುದು ಸೋಮವಾರವೇ ಬರೆದಾಗಿರುತ್ತದೆ. ದೇವರಿಗೂ ಅಷ್ಟು ಮುಂಚೆ ಗೊತ್ತಿರಲಿಕ್ಕಿಲ್ಲ. ನಾವು ಇಬ್ಬರೇ ಆಯಾಗಳು. ಮೂವತ್ತೆರಡು ಜನರ ಉಚ್ಚೆ, ಹೇಲು, ಸ್ನಾನ, ಗಂಜಿ, ಮೇಲೆ ಬಟ್ಟೆ ಒಗೆತ. ಮಗ್ಗುಲು ಬದಲಾಯಿಸಲು ಕೈ ಎಲ್ಲಿಂದ ತರೋಣ? ನಾನೂ ಬದಲಾಯಿಸಲಿಲ್ಲ. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಟೀಚರಮ್ಮನ ಸೊಂಟದ ಕೆಳಗೆ ಹುಣ್ಣಾಯಿತು. ನನ್ನ ಲೆಕ್ಕದಲ್ಲಿ ಅದೊಂದು ಬಾವಿ. ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ, ನನ್ನ ಅಂಗೈ ಇಟ್ಟರೆ ಮುಚ್ಚುವುದಿಲ್ಲ. ಒಳಗೆ ಬೆಳ್ಳಗೆ ಕಾಣುವುದು ಮೂಳೆ ಅಂತ ತಿಳಿಯಲು ನನಗೆ ಎರಡು ದಿನ ಬೇಕಾಯಿತು. ನಾಲ್ಕು ದಿನದಿಂದ ಜ್ವರ ಬೇರೆ. ಮೈ ಮುಟ್ಟಿದರೆ ಒಲೆ.

“ಸಾರ್, ಟೀಚರಮ್ಮನ್ನ ಆಸ್ಪತ್ರೆಗೆ ಹಾಕ್ಬೇಕು. ಸಾಯ್ತಾರೆ,” ಅಂತ ಮ್ಯಾನೇಜರ್ ಮುಂದೆ ಹೋಗಿ ನಿಂತಿದ್ದೆ.

ಅವನು ಕಿವಿಯಿಂದ ಫೋನು ತೆಗೆಯಲಿಲ್ಲ. “ಆಸ್ಪತ್ರೇಲಿ ಹಾಸಿಗೆ ಹುಣ್ಣು ಅಂತ ಬರೀತಾರೆ. ಬುಧವಾರ ಪರೀಕ್ಷೆಯವರು ಬರ್ತಾರೆ. ಮುಗೀಲಿ, ನೋಡೋಣ.”

“ಮುಗಿಯೋದು ಯಾವುದು ಸಾರ್, ಪರೀಕ್ಷೆನೋ ಟೀಚರಮ್ಮನೋ?”

“ಮೆಟ್ಟಿಲ ಕೆಳಗಿನ ರೂಮು ಖಾಲಿ ಮಾಡಿಸ್ಲಾ?”

ಮೆಟ್ಟಿಲ ಕೆಳಗಿನ ಆ ಗೂಡೇ ನನ್ನ ಮನೆ. ಹೊರಬಂದೆ.

ಪರೀಕ್ಷೆಯವರೆಂದರೆ ಇಂಥ ಮನೆಗಳಿಗೆಲ್ಲ ಹೋಗಿ, ಮುದುಕರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಅಂಕ ಕೊಡುವವರು. ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಹಾಸಿಗೆ ಹಿಡಿದವರಲ್ಲಿ ಒಬ್ಬರ ಬೆನ್ನು ನೋಡುತ್ತಾರೆ. ಈ ಸಲ ಅವರು ಮೊದಲೇ ಬರೆದು ಕಳಿಸಿದ್ದ ನಂಬರು ಏಳು. ಮ್ಯಾನೇಜರಿಗೆ ಹುಣ್ಣಿಲ್ಲದ ಒಂದು ಮುದಿ ಬೆನ್ನು ಬೇಕಿತ್ತು. ಅದು ನಾನು.

“ಮುಖ ಗೊತ್ತಾಗಲ್ವಾ?” ಅಂತ ಮೇಟ್ರನ್ ಕೇಳಿದ್ದಕ್ಕೆ ಮ್ಯಾನೇಜರ್ ನಕ್ಕ. “ಮುದುಕೀರೆಲ್ಲ ಒಂದೇ ಥರ. ಯಾರು ನೋಡ್ತಾರೆ?”

ಟೀಚರಮ್ಮನನ್ನು ಬಟ್ಟೆ ಕೋಣೆಗೆ ಸಾಗಿಸುವ ಕೆಲಸವೂ ನನ್ನದೇ. ಒಗೆದ ಹೊದಿಕೆಗಳನ್ನು ಜೋಡಿಸಿಡುವ, ಕಿಟಕಿಯಿಲ್ಲದ ಕೋಣೆ ಅದು. ಅವರನ್ನು ತಳ್ಳುಗಾಡಿಯಲ್ಲಿ ಒಯ್ದು, ಹೊದಿಕೆಗಳ ರಾಶಿ ಹಾಸಿ, ಹುಣ್ಣು ಮೇಲಾಗುವ ಹಾಗೆ ಮಗ್ಗುಲಾಗಿ ಮಲಗಿಸಿದೆ.

“ಬೇಗ ಬಾರೇ, ಹೆಣ,” ಅಂತ ಹೊರಗಿಂದ ಮೇಟ್ರನ್ ಕೂಗಿದಳು.

“ಗೌನು ಇಲ್ಲೇ ಹಾಕ್ಕೊಂಡು ಬರ್ತೀನಿ ಅಮ್ಮಾ. ನಾಚಿಕೆ ಆಗುತ್ತೆ.”

“ನಿಂಗೆ ನಾಚಿಕೆ ಬೇರೆ ಕೇಡು.”

ಟೀಚರಮ್ಮನ ಕಣ್ಣು ನನ್ನ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ಅಲ್ಲಿ ದಾರದಲ್ಲಿ ತೂಗುತ್ತಿತ್ತು ಕಪ್ಪು ಪೆನ್ನು. ಹೊದಿಕೆಗಳ ಮೇಲೆ ಮಂಚದ ನಂಬರು ಬರೆಯುವ ಪೆನ್ನು. ಅದರಲ್ಲಿ ಬರೆದದ್ದು ನೂರು ಸಲ ಒಗೆದರೂ ಹೋಗುವುದಿಲ್ಲ. ನೂರು ಅಂದರೆ ನೂರೇ, ಒಗೆಯುವವಳು ನಾನು. ಹಿಂದಿನ ಸಲ ಪರೀಕ್ಷೆಯವರಿಗೆ ಚೀಟಿ ಬರೆದರು ಅಂತ ಟೀಚರಮ್ಮನ ಪೆನ್ಸಿಲು ಕಾಗದ ಎಲ್ಲ ಕಿತ್ತುಕೊಂಡಿದ್ದರು. ಎರಡು ವರ್ಷದಿಂದ ಅವರ ಕೈಗೆ ಸಿಕ್ಕಿದ್ದು ನನ್ನ ಅಂಗೈಯೊಂದೇ.

ಪೆನ್ನು ಬಿಚ್ಚಿ ಎಡಗೈಗಿಟ್ಟೆ. “ಯಾವುದರ ಮೇಲೆ ಬರೀತೀರಾ? ಹೊದಿಕೆ ಮೇಲೆ ಬರೆದ್ರೆ ಮೊದಲು ಕಾಣೋದು ಆ ಮಾರಿಗೇ.”

ಟೀಚರಮ್ಮ ನನ್ನನ್ನೇ ನೋಡಿದರು. ಶಾಲೆಯಲ್ಲಿ ದಡ್ಡ ಹುಡುಗಿ ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದಾಗ ಹಾಗೆ ನೋಡುತ್ತಿದ್ದರೇನೋ.

ತಿರುಗಿ, ಬಟ್ಟೆ ಬಿಚ್ಚಿ, ಅವರ ಮುಂದೆ ಕೂತೆ.

ಪೆನ್ನಿನ ಮೂತಿ ತಣ್ಣಗಿತ್ತು, ಊರಿದ ಕೈ ಸುಡುತ್ತಿತ್ತು. ಇರುವೆ ಸಾಲು ಹೋದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ಕೆಳಗಿನಿಂದ. ನಡುವೆ ಎರಡು ಸಲ ಕೈ ಜಾರಿತು. ಎರಡು ಸಲವೂ ಉಸಿರೆಳೆದುಕೊಂಡು ಮತ್ತೆ ಊರಿದರು. ಏನು ಬರೆದರೋ ನನಗೇನು ಗೊತ್ತು. ನನ್ನ ಬಾಯಿ ಹೇಳಿದರೆ ಬುರುಡೆ, ಟೀಚರಮ್ಮನ ಕೈ ಬರೆದರೆ ಅಕ್ಷರ. ಅಷ್ಟು ಗೊತ್ತಿತ್ತು.

ಗೌನಿನ ಲಾಡಿ ಬಿಗಿದು ಹೊರಬಂದು, ಬೀಗ ಜಡಿದೆ. ಮೇಟ್ರನ್ ಕೈ ಚಾಚಿದಳು. ಕೀಲಿ ಕೊಟ್ಟೆ. ನೋಡದೆ ಜೇಬಿಗಿಳಿಸಿದಳು.

ಮಂಚದ ಮೇಲೆ ನನ್ನನ್ನು ಕೆಡವಿ, ಡೈಪರ್ ಕಟ್ಟಿ, ಮುಖಕ್ಕೆ ಪೌಡರ್ ಸುರಿದರು. ಹೆಣಕ್ಕೂ ಅಷ್ಟು ಹಾಕುವುದಿಲ್ಲ.

“ನಿಂಗೆ ಲಕ್ವಾ. ಮಾತು ಬರಲ್ಲ,” ಅಂದ ಮ್ಯಾನೇಜರ್. “ತುಟಿ ಪಿಟಕ್ ಅಂದ್ರೆ ಸಂಜೆಗೆ ಬೀದೀಲಿರ್ತೀಯ. ತಿಳೀತಾ?”

ಹೂಂ ಅಂತ ಮೂಗಿನಲ್ಲೇ ಅಂದೆ.

ಪರೀಕ್ಷೆಯವರು ಇಬ್ಬರು ಬಂದರು. ಒಬ್ಬ ಕನ್ನಡಕದ ಹಿರಿಯ, ಪದೇ ಪದೇ ಗಡಿಯಾರ ನೋಡುವವನು. ಇನ್ನೊಬ್ಬಳು ಚಿಕ್ಕ ವಯಸ್ಸಿನವಳು, ಎದೆಗೆ ಫಾರಂ ಅವಚಿಕೊಂಡಿದ್ದಳು. ಹಿರಿಯ ಮಂಚದ ಹಾಳೆ ನೋಡಿ, “ಒಂದು ಚೌಕವೂ ಖಾಲಿ ಇಲ್ಲ, ಬಹಳ ಚೆನ್ನಾಗಿ ಇಟ್ಟಿದ್ದೀರಿ,” ಅಂದ. ಮ್ಯಾನೇಜರ್ ಮದುವೆ ಗಂಡಿನ ಹಾಗೆ ತಲೆ ತಗ್ಗಿಸಿದ.

ಮೇಟ್ರನ್‌ಗೆ ಇನ್ನೂ ಹುಮ್ಮಸ್ಸು ಬಂತು. ಗಂಜಿ ಬಟ್ಟಲು ತಂದು ಪಕ್ಕದಲ್ಲಿ ಕೂತಳು. “ಬಾಯಿ ತೆಗೀರಿ ಅಜ್ಜಿ, ಚಿನ್ನ. ಒಂದು ಚಮಚ.”

ಹನ್ನೊಂದು ವರ್ಷದಲ್ಲಿ ಅವಳ ಕೈಯಲ್ಲಿ ಚಮಚ ಕಂಡದ್ದು ಅವತ್ತೇ. ಹಲ್ಲು ಕಚ್ಚಿ ಮುಖ ತಿರುಗಿಸಿದೆ. ಗಂಜಿ ಗಲ್ಲದಿಂದ ಕಿವಿಗೆ ಇಳಿಯಿತು. ಅವಳು ನಗುತ್ತಲೇ ಹೊದಿಕೆಯ ಕೆಳಗೆ ನನ್ನ ತೊಡೆ ಚಿವುಟಿದಳು. ಬಾಯಿ ತೆಗೆಯಲಿಲ್ಲ.

“ಹಟ, ಸಾರ್. ಮಕ್ಕಳ ಥರ.”

“ಪಾಪ, ನಿಮ್ಮ ತಾಳ್ಮೆ ದೊಡ್ಡದು,” ಅಂತ ಹಿರಿಯ ಚಿಕ್ಕವಳ ಕೈಯಿಂದ ಫಾರಂ ತೆಗೆದುಕೊಂಡು ಅದಕ್ಕೂ ಒಂದು ಗುರುತು ಹಾಕಿದ. “ಬೆನ್ನು ನೋಡಿಬಿಡಮ್ಮ, ಹೊರಡೋಣ.”

ಚಿಕ್ಕವಳು ನನ್ನ ಭುಜ ಹಿಡಿದು ಮೆಲ್ಲಗೆ ಮಗ್ಗುಲಾಗಿಸಿದಳು. ನಮಗಿಂತ ಚೆನ್ನಾಗಿ ತಿರುಗಿಸಿದಳು. ಲಾಡಿ ಬಿಚ್ಚಿತು. ಬೆನ್ನಿಗೆ ಗಾಳಿ ತಾಗಿತು.

“ಚರ್ಮ ಹೇಗಿದೆ ನೋಡಿ, ಹೂವಿನ ಥರ,” ಅಂದ ಮ್ಯಾನೇಜರ್ ಬಾಗಿಲಲ್ಲಿ ನಿಂತು.

ಚಿಕ್ಕವಳ ಬೆರಳು ನನ್ನ ಬೆನ್ನಿಗೆ ಬಿತ್ತು. ಸಾಲು ಹಿಡಿದು ಹೋಗುತ್ತಾ, ಶಾಲೆಯ ಹುಡುಗಿಯ ಹಾಗೆ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದಳು.

“ಇವಳು ಏಳನೇ ಮಂಚದವಳಲ್ಲ. ಆ ಮಂಚ ನನ್ನದು. ಬಟ್ಟೆ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದಾರೆ. ನನ್ನ ಬೆನ್ನನ್ನೂ ನೋಡಿ.”

ನನ್ನ ಬೆನ್ನಲ್ಲಿ ಏನಿದೆ ಅಂತ ನಾನು ಕೇಳಿದ್ದೂ ಆಗಲೇ. ಮೇಟ್ರನ್ ಕೈಯಿಂದ ಗಂಜಿ ಬಟ್ಟಲು ಜಾರಿತು.

“ಇದು ಬುರುಡೆ, ಸಾರ್,” ಅಂತ ತೊದಲಿದಳು. “ಅಂದ್ರೆ ಇವಳೇ ಬುರುಡೆ. ತಲೆ ಸರಿಯಿಲ್ಲ. ತಾನೇ ಬರ್ಕೊಂಡಿದ್ದಾಳೆ.”

“ಬೆನ್ನ ಮೇಲೆ ತಾನೇ ಹೇಗೆ ಬರ್ಕೋತಾಳಮ್ಮ?” ಅಂದಳು ಚಿಕ್ಕವಳು.

ಹಿರಿಯ ಕನ್ನಡಕ ತೆಗೆದು ಒರೆಸಿದ. ನನ್ನ ಬೆನ್ನು ನೋಡಿದ, ಫಾರಂ ತಿರುವಿದ, ಮತ್ತೆ ಬೆನ್ನು ನೋಡಿದ. “ಇದನ್ನ ಬರೆಯೋಕೆ ಫಾರಂನಲ್ಲಿ ಕಾಲಂ ಇಲ್ಲವಲ್ಲ,” ಅಂದ.

“ಆ ಕೋಣೆ ತೆಗೆಸಿ ಸಾರ್,” ಅಂದಳು ಚಿಕ್ಕವಳು.

“ಕೀಲಿ ಕಳೆದುಹೋಗಿದೆ ಮೇಡಂ,” ಅಂದ ಮ್ಯಾನೇಜರ್. “ಒಂದು ವಾರದಿಂದ ತೆಗೆದೇ ಇಲ್ಲ.” ಮೇಟ್ರನ್ ಕೈ ಜೇಬಿನ ಮೇಲೆ ಬಿಗಿಯಾಯಿತು.

“ಹಾಗಾದ್ರೆ ಮುಂದಿನ ಸಲ ಬಂದಾಗ,” ಅಂತ ಹಿರಿಯ ಪೆನ್ನಿಗೆ ಮುಚ್ಚಳ ಹಾಕಿದ.

ಮುಂದಿನ ಸಲ ಅಂದರೆ ಎರಡು ವರ್ಷ. ಟೀಚರಮ್ಮನಿಗೆ ಎರಡು ದಿನ ಇತ್ತೋ ಇಲ್ಲವೋ.

ಲಕ್ವಾ ಹೊಡೆದವಳು ಎದ್ದು ಕೂತೆ. ಡೈಪರಿನ ಸಮೇತ ಕಾಲು ಕೆಳಗೆ ಬಿಟ್ಟೆ. ಬಾಯಿ ಮುಚ್ಚಿಕೊಂಡಿರು ಅಂದಿದ್ದರು, ಅಲ್ಲಿಯವರೆಗೂ ಮುಚ್ಚಿಕೊಂಡೇ ಇದ್ದೆ. ಈಗ ತೆಗೆದೆ. ಮೇಟ್ರನ್ ಜೇಬಿನಲ್ಲಿ ಇದ್ದದ್ದು ಪೊರಕೆ ಕಪಾಟಿನ ಕೀಲಿ. ಬಟ್ಟೆ ಕೋಣೆಯದು ಬೆಳಿಗ್ಗೆಯಿಂದ ನನ್ನ ನಾಲಗೆಯ ಕೆಳಗೆ ಕಬ್ಬಿಣದ ರುಚಿ ಬಿಡುತ್ತಾ ಕೂತಿತ್ತು. ಅದನ್ನು ಎಂಜಲ ಸಮೇತ ಆ ಫಾರಂ ಮೇಲೆ ಉಗಿದೆ.

“ಇಗೊಳ್ಳಿ ಸಾರ್, ಕೀಲಿ. ಕಾಲಂ ಬೇಕಿದ್ರೆ ನನ್ನ ಬೆನ್ನ ಮೇಲೆ ಇನ್ನೂ ಜಾಗ ಇದೆ, ಎಳ್ಕೊಳ್ಳಿ.”

ಆಮೇಲೆ ನಾಲ್ಕು ಕೈ ಒಟ್ಟಿಗೆ ಮುಂದೆ ಬಂದವು. ಉಗುರಿಗೆ ಬಣ್ಣ ಹಚ್ಚಿದ್ದು ಮೇಟ್ರನ್‌ದು. ಉಂಗುರದ್ದು ಮ್ಯಾನೇಜರ್‌ದು. ಗಡಿಯಾರದ್ದು ಹಿರಿಯನದು. ನನ್ನ ಬೆನ್ನಿನ ಅಕ್ಷರ ಹಿಡಿದು ಓದಿದ್ದು ಆ ಚಿಕ್ಕವಳದು.

ಬುರುಡೆಯ ಮಾತನ್ನು ಯಾರೂ ನಂಬುವುದಿಲ್ಲವಲ್ಲ, ಆದ್ದರಿಂದ ಇಲ್ಲಿಂದ ಮುಂದೆ ನಾನು ಹೇಳುವುದಿಲ್ಲ. ಮೊದಲು ಕೀಲಿ ಸಿಕ್ಕಿದ್ದು ಯಾವ ಕೈಗೆ, ನೀವೇ ಹೇಳಿ.