ಸುತ್ತಿಬಳಸದ ಅರ್ಜಿ

"ಇದೇನು ಅರ್ಜಿನಾ, ಕೋಳಿ ಕೆದರಿದ ತಿಪ್ಪೆನಾ?" ಮೇಲ್ವಿಚಾರಕ ಡಾರೆಲ್ ಕಾಗದವನ್ನು ಮುದುರಿ ಎಲ್ವಿರಾಳ ಏಪ್ರನ್ನಿಗೆ ಎಸೆದ. "ತಲೆ ಇಲ್ಲ, ಬಾಲ ಇಲ್ಲ. ಮೊದ್ಲು ನೆಟ್ಟಗೆ ಬರಿಯೋದ ಕಲೀರಿ ಮುಂಡೇವಾ, ಆಮೇಲೆ ಉಚ್ಚೆ ಹುಯ್ಯಕ್ಕೆ ಕೇಳೋರಂತೆ."

ಅರ್ಜಿ ಇದ್ದದ್ದೂ ಅಷ್ಟಕ್ಕೇ. ಅಮೆರಿಕದ ಅರ್ಕಾನ್ಸಾದ ಆ ಕೋಳಿಮಾಂಸದ ಕಾರ್ಖಾನೆಯಲ್ಲಿ ಪುಕ್ಕ ಕಿತ್ತು ಕೊಕ್ಕೆಗೆ ನೇತುಹಾಕಿದ ಕೋಳಿಗಳು ಸಾಲಾಗಿ ಬರುತ್ತಲೇ ಇರುತ್ತವೆ, ಕುಯ್ಯುವವರು ಕುಯ್ಯುತ್ತಲೇ ಇರಬೇಕು. ಪಾಯಿಖಾನೆಗೆ ಹೋಗಬೇಕೆಂದರೆ ಕೈ ಎತ್ತಿ, ಬದಲಿ ಆಳು ಬರುವ ತನಕ ಕಾಯಬೇಕು. ಕಳಿಸುವುದು ಬಿಡುವುದು ಡಾರೆಲ್‌ನ ಮರ್ಜಿ. ಹೋದ ವಾರ ತುಂಬು ಬಸುರಿ ಲಿಮಿನಾ ಕೈ ಎತ್ತಿ ಎತ್ತಿ ಸೋತು, ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿದ್ದಳು. "ಇನ್ನೊಂದ್ಸಲ ಹಿಂಗಾದ್ರೆ ನಾನು ಈ ಕಡೆ ತಲೆ ಹಾಕಲ್ಲ ಕಣಕ್ಕಾ," ಎಂದು ಅತ್ತಿದ್ದಳು. ಅದನ್ನು ನೋಡಿಯೇ ಎಲ್ವಿರಾ ಎಲ್ಲರ ಪರವಾಗಿ ಅರ್ಜಿ ಬರೆದಿದ್ದಳು.

ಕಂಪನಿಯೇನೋ ದೊಡ್ಡ ಮನಸ್ಸು ಮಾಡಿತು. ಬದಲಿ ಆಳು ಕೊಡುವ ಬದಲು ಪಾಠ ಕೊಟ್ಟಿತು. ಕಚೇರಿ ಬರವಣಿಗೆ ಸುಧಾರಿಸಿಕೊಳ್ಳಲು ಊಟದ ಕೋಣೆಯಲ್ಲೇ ತರಗತಿ. ಕಲಿಸಲು ಬಂದ ಮಿಸ್ ವಿಟ್ನಿ ಕೆಟ್ಟವಳಲ್ಲ, ಎಲ್ಲರಿಗೂ ಡೋನಟ್ ತಂದಿದ್ದಳು.

"ಬೇಕಾದ್ದನ್ನ ಮೊದಲೇ ಹೇಳ್ಬಿಡಿ. ಸುತ್ತಿ ಬಳಸಬೇಡಿ. ಯಾರಿಗೆ ಹೇಳ್ಬೇಕೋ ಅವರ ಕಣ್ಣಿಗೆ ಹೊಡೆಯೋ ಹಾಗಿರ್ಲಿ. ಅರ್ಥ ಆದೋರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಮತ್ತೆ ಕೇಳಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಮುದುಕ ರೆಫುಹಿಯೊ, "ನಂಗೇನೂ ಅವಸರ ಇಲ್ಲ ಕಣವ್ವ. ಮನೇಲೇ ಮುಗಿಸ್ಕಂಡ್ ಬಂದಿವ್ನಿ," ಅಂದ.

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಲಿಮಿನಾ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲಲ್ಲಿ ನಿಂತಿದ್ದ ಡಾರೆಲ್, "ನೋಡಿದ್ರಾ ಮೇಡಂ, ಇವಕ್ಕೆ ಕೋಳಿಗಿರೋ ಬುದ್ಧಿನೂ ಇಲ್ಲ," ಅಂದ. ನಗು ನಿಂತಿತು. ಎಲ್ವಿರಾ ಮಾತ್ರ ಡೋನಟ್ ಮೆಲ್ಲುತ್ತ ಏನೋ ಯೋಚಿಸುತ್ತಿದ್ದಳು.

ಮರುದಿನ ಕೋಳಿ ಕುಯ್ಯುವ ಸಾಲಿನಲ್ಲಿ ಲಿಮಿನಾ ಕೈ ಎತ್ತಿದಳು.

"ತಡ್ಕಳೇ, ಸಾಯಲ್ಲ," ಅಂದ ಡಾರೆಲ್.

ಎಲ್ವಿರಾ ಚಾಕು ಕೆಳಗಿಟ್ಟು ತಾನೂ ಕೈ ಎತ್ತಿದಳು. ಪಕ್ಕದ ರೆಫುಹಿಯೊ ಅವಳನ್ನೊಮ್ಮೆ ನೋಡಿ, ನಕ್ಕು, ಎತ್ತಿದ. ಆಮೇಲೆ ಅವನ ಪಕ್ಕದವಳು. ಹಾಗೇ ಸಾಲಿನ ತುದಿಯವರೆಗೂ ಕೈಗಳು ಎದ್ದವು. ಕೋಳಿಗಳು ಕುಯ್ಯಿಸಿಕೊಳ್ಳದೆ ಆರಾಮಾಗಿ ಮುಂದೆ ಹೋದವು.

"ಏನ್ರೋ ಇದು, ಬೋಳಿಮಕ್ಳಾ?"

"ಅರ್ಜಿ, ಮಿಸ್ಟರ್ ಡಾರೆಲ್," ಅಂದಳು ಎಲ್ವಿರಾ. "ಈ ಸಲ ಸುತ್ತಿ ಬಳಸಿಲ್ಲ. ಓದ್ಕಳಿ."

ಲಿಮಿನಾ ಏಪ್ರನ್ ಬಿಚ್ಚಿ ಅವನ ಮುಂದೆಯೇ ನಡೆದುಹೋದಳು. ಅವಳು ವಾಪಸು ಬರುವವರೆಗೂ ಯಾರೂ ಕೈ ಇಳಿಸಲಿಲ್ಲ. ಸಾಲಿನ ತುದಿಯಲ್ಲಿ ಇಡೀ ಇಡೀ ಕೋಳಿಗಳು ಒಂದರ ಮೇಲೊಂದು ನೆಲಕ್ಕೆ ಬೀಳುತ್ತಿದ್ದವು.