ಸಿಗ್ನೆ ಸಾಲು

ನನ್ನನ್ನು ತಂಡದಿಂದ ತೆಗೆದುಹಾಕಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಉಳಿದ ಸಾವಿರಾರು ಜನರಿಗೆ ಗೊತ್ತಾದ ಹೊತ್ತಿಗೇ. ನಮ್ಮ ನಾಯಕ ವೇಗಾರ್ ತನ್ನ ಕೋಣೆಯಿಂದ ಲೈವ್ ಬಂದು ಪಾತ್ರಗಳ ಪಟ್ಟಿ ಮಾಡುತ್ತಿದ್ದ. ನಾನು ಊಟ ಮಾಡುತ್ತಾ ನೋಡುತ್ತಿದ್ದೆ.

ನಾವು ಆಡುವ ಕಂಪ್ಯೂಟರ್ ಆಟ 'ಹೆಬ್ಬಾಗಿಲು'. ಮೂವರ ವಿರುದ್ಧ ಮೂವರು. ಎದುರಾಳಿಯ ಬಾಗಿಲು ಮೊದಲು ಮುರಿದವರು ಗೆದ್ದಂತೆ. ನಡುವೆ ಸತ್ತವರು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರುತ್ತಾರೆ. ಆಡಲು ಮೂವತ್ತಕ್ಕೂ ಹೆಚ್ಚು ಪಾತ್ರಗಳಿವೆ. ಆಟ ತಯಾರಿಸುವವರು ಆಗಾಗ ಒಬ್ಬನ ಬಲ ಏರಿಸಿ ಇನ್ನೊಬ್ಬನದು ಇಳಿಸುತ್ತಾರೆ. ಆಗ ಯಾರು ಮೇಲೆ, ಯಾರು ಕೆಳಗೆ ಎಂದು ಹೊಸದಾಗಿ ಸಾಲು ಹಾಕಬೇಕು. ನಾರ್ವೆಯಲ್ಲಿ ಆ ಕೆಲಸ ವೇಗಾರ್‌ನದು. ಯಾರೂ ಅವನಿಗೆ ವಹಿಸಿದ್ದಲ್ಲ. ಅವನು ಜೋರಾಗಿ ಮಾತಾಡುತ್ತಾನೆ, ಹಲ್ಲು ಚೆನ್ನಾಗಿವೆ, ಅಷ್ಟೆ.

ಆಗಸ್ಟ್ ತಿಂಗಳ ಆ ದಿನ ಅವನು ಕಮ್ಮಾರನೆಂಬ ಪಾತ್ರವನ್ನು ಎಂದಿನಂತೆ ಮೇಲಿನ ಸಾಲಿನಲ್ಲಿ ಕೂರಿಸಿದ. ಒಬ್ಬೊಬ್ಬರನ್ನೇ ಇಳಿಸುತ್ತಾ ಐದನೆಯ, ಕೊನೆಯ ಸಾಲಿಗೆ ಬಂದ. ಕೈಯಲ್ಲಿ ದೋಣಿಯವಳು ಒಬ್ಬಳೇ ಉಳಿದಳು. ಅವಳು ನನ್ನ ಪಾತ್ರ. ಎರಡು ವರ್ಷ ಅವನ ತಂಡದಲ್ಲಿ ನಾನು ಆಡಿದ್ದು ಅವಳನ್ನೇ.

"ಇವಳನ್ನ ಐದನೇ ಸಾಲಲ್ಲಿ ಇಟ್ರೆ ಐದನೇ ಸಾಲಿನವರು ಬೇಜಾರ್ ಮಾಡ್ಕೋತಾರೆ," ಎಂದ. ಕೆಳಗೆ ಇನ್ನೊಂದು ಸಾಲು ಎಳೆದ. ಅದಕ್ಕೆ ಹೆಸರು ಬೇಕಲ್ಲ. 'ಸಿಗ್ನೆ' ಎಂದು ನನ್ನ ಹೆಸರನ್ನೇ ಬರೆದ. "ಒಳ್ಳೇ ಹುಡುಗಿ ಪಾಪ. ಆದ್ರೆ ಒಳ್ಳೇತನದಿಂದ ಬಾಗಿಲು ಮುರಿಯಲ್ಲ. ಅಂದ್ಹಾಗೆ, ಮುಂದಿನ ವಾರದಿಂದ ನಮ್ ಜೊತೆ ಹೊಸ ಹುಡುಗ ಆಡ್ತಾನೆ."

ಚಾಟ್‌ನಲ್ಲಿ ನಗು ಸುರಿಯಿತು. ನಾನು ತಟ್ಟೆ ತೊಳೆದಿಟ್ಟೆ.

ಅಷ್ಟಕ್ಕೇ ನಿಂತಿದ್ದರೆ ಮರೆಯುತ್ತಿದ್ದೆನೇನೋ. ನಿಲ್ಲಲಿಲ್ಲ. ಜನ ಎಲ್ಲದಕ್ಕೂ ಪಟ್ಟಿ ಮಾಡತೊಡಗಿದರು. ಮೊಸರಿನ ಪಟ್ಟಿ, ಬಸ್ ಮಾರ್ಗಗಳ ಪಟ್ಟಿ, ಕಾಲೇಜು ಮೇಷ್ಟ್ರುಗಳ ಪಟ್ಟಿ. ಎಲ್ಲದರಲ್ಲೂ ತೀರಾ ಕೆಟ್ಟದ್ದಕ್ಕೆ ಸಿಗ್ನೆ ಸಾಲು. ನಾನು ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತೇನೆ. ಎದೆಯ ಮೇಲೆ ಹೆಸರಿನ ಬಿಲ್ಲೆ ಇರುತ್ತದೆ. ಒಂದು ಸಂಜೆ ಇಬ್ಬರು ಹುಡುಗಿಯರು ಅದನ್ನು ಓದಿ ಒಬ್ಬರನ್ನೊಬ್ಬರು ತಿವಿದುಕೊಂಡರು.

"ಏ, ಆ ಕಡೆ ಗಲ್ಲಾಕ್ಕೆ ಹೋಗೋಣ ಕಣೇ. ಇದು ಸಿಗ್ನೆ ಸಾಲು."

ಬಿಲ್ಲೆಯನ್ನು ತಿರುಗಿಸಿ ಹಾಕಿಕೊಂಡೆ. ಮ್ಯಾನೇಜರ್ ಬಂದು ಸರಿಯಾಗಿ ಹಾಕಿಕೋ ಎಂದ. ಹಾಕಿಕೊಂಡೆ. ವೇಗಾರ್ ಆ ಸಾಲಿನ ಚಿತ್ರ ಅಚ್ಚು ಹಾಕಿಸಿ ಅಂಗಿ ಮಾರುತ್ತಿದ್ದಾನೆಂದು ಗೊತ್ತಾದ ದಿನ ನನಗೆ ಏನು ಬೇಕು ಎಂಬುದು ಸ್ಪಷ್ಟವಾಯಿತು. ಅವನು ಕ್ಷಮೆ ಕೇಳುವುದು ಬೇಕಿರಲಿಲ್ಲ. ನನ್ನನ್ನು ಎಲ್ಲರೆದುರು ಇಳಿಸಿದ ಬಾಯಿ ಎಲ್ಲರೆದುರೇ ದೋಣಿಯವಳಿಗೆ ಹೆದರಬೇಕಿತ್ತು.

ಅದಕ್ಕೆ ಜಾಗವೂ ಇತ್ತು. ನಮ್ಮೂರು ಎಲ್ವೆರುಮ್‌ನಲ್ಲಿ ಈಸ್ಟರ್ ರಜೆಗೆ, ಬೆಟ್ಟದ ಮೇಲೆ ಮನೆ ಇರುವವರು ಸ್ಕೀ ಕಟ್ಟಿಕೊಂಡು ಹೊರಟರೆ, ಇಲ್ಲದವರು ಕಂಪ್ಯೂಟರ್ ಹೊತ್ತುಕೊಂಡು ಕ್ರೀಡಾ ಸಭಾಂಗಣಕ್ಕೆ ಬರುತ್ತೇವೆ. ಉದ್ದುದ್ದ ಮೇಜು, ನೆಲದ ಮೇಲೆ ಹಾಸಿಗೆ, ಕಿತ್ತಳೆ ಸಿಪ್ಪೆಯ ವಾಸನೆ. ಶನಿವಾರ ಮಧ್ಯಾಹ್ನ ಹೆಬ್ಬಾಗಿಲಿನ ಫೈನಲ್. ಅದರ ತೀರ್ಪುಗಾರರು ಯೋರುನ್. ಅರವತ್ತು ದಾಟಿದವರು, ಇದೇ ಸಭಾಂಗಣದಲ್ಲಿ ಹ್ಯಾಂಡ್‌ಬಾಲ್ ಪಂದ್ಯಗಳಿಗೆ ಸೀಟಿ ಊದಿಕೊಂಡು ಬಂದವರು. ಪ್ರತಿ ಆಟಕ್ಕೆ ಮುಂಚೆ ಎರಡೂ ತಂಡಗಳು ಒಂದೊಂದು ಪಾತ್ರವನ್ನು ಹೊರಗಿಡಬಹುದು. ಆ ಪಾತ್ರ ಆ ಆಟದಲ್ಲಿ ಯಾರಿಗೂ ಸಿಗುವುದಿಲ್ಲ. ಬೇರೆ ಕಡೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಇಲ್ಲಿ ನಾಯಕ ಎದ್ದು ಹೋಗಿ ಮೈಕಿನಲ್ಲಿ ಹೆಸರು ಹೇಳಬೇಕು. ಅದು ಯೋರುನ್ ಮಾಡಿದ ನಿಯಮ. "ಯಾರನ್ನ ಹೊರಗೆ ಕಳಿಸ್ತೀಯೋ ಅವನ ಹೆಸರು ಎಲ್ರಿಗೂ ಕೇಳೋ ಹಾಗೆ ಹೇಳ್ಬೇಕು. ಕಳ್ಳರ ಹಾಗೆ ಗುಂಡಿ ಒತ್ತಿ ಕೂರೋದಲ್ಲ," ಎನ್ನುತ್ತಿದ್ದರು.

ಚಳಿಗಾಲದಲ್ಲಿ ನಾನು ಮಾರ್ತೆಯ ತಂಡ ಸೇರಿದೆ. ಮಾರ್ತೆ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಳು. ಮೂರನೆಯವನು ಅಯಾನ್ಲೆ, ಬಸ್ ಡ್ರೈವರ್ ಪರೀಕ್ಷೆಗೆ ಓದುತ್ತಿದ್ದ. ವೇಗಾರ್‌ನ ಬಾಯಿಂದಲೇ ಮೈಕಿನಲ್ಲಿ ದೋಣಿಯವಳ ಹೆಸರು ಹೇಳಿಸುವ ನನ್ನ ಯೋಜನೆಯನ್ನು ಮೊದಲ ದಿನವೇ ಹೇಳಿದೆ.

"ಸೇಡು ತೀರಿಸ್ಕೋ, ನನಗೇನೂ ಬೇಜಾರಿಲ್ಲ," ಎಂದಳು ಮಾರ್ತೆ. "ನನಗೆ ಕಪ್ ಬೇಕು ಅಷ್ಟೇ. ಎರಡೂ ಒಟ್ಟಿಗೆ ಆಗುತ್ತೆ ಅಂದ್ರೆ ಮಾಡೋಣ."

"ನನ್ನನ್ನ ಸಾಯಿಸದಿದ್ರೆ ಸಾಕು," ಎಂದ ಅಯಾನ್ಲೆ.

ಯೋಜನೆ ಇದ್ದದ್ದೇ ಅವನನ್ನು ಸಾಯಿಸದಿರುವುದರಲ್ಲಿ. ದೋಣಿಯವಳ ಬಳಿ ಒಂದು ಕೊಕ್ಕೆ ಹಗ್ಗವಿದೆ. ಅದು ಶತ್ರುವನ್ನಲ್ಲ, ತನ್ನವರನ್ನೇ ಎಳೆಯುತ್ತದೆ. ಹೊಡೆಯಲು ಹೋದವನನ್ನು ಹಿಂದಿನಿಂದ ದರದರನೆ ಎಳೆದರೆ ಯಾರಿಗೆ ಕೋಪ ಬರುವುದಿಲ್ಲ? ಹಾಗಾಗಿ ಅವಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಇನ್ನು ಅಯಾನ್ಲೆ ಆಡುವ ಕಲ್ಲುಗಣಿಯವ. ಅವನು ಸೊಂಟಕ್ಕೆ ಮದ್ದು ಕಟ್ಟಿಕೊಂಡು ಶತ್ರುಗಳ ನಡುವೆ ಹೋಗಿ ಸಿಡಿಸುತ್ತಾನೆ. ಸಿಡಿತ ಭಯಂಕರ, ಆದರೆ ತಾನೂ ಸಾಯುತ್ತಾನೆ. ಹಾಗಾಗಿ ಅವನಿಗೆ ಮೂರನೇ ಸಾಲು. ಸಿಡಿಯುವ ಆ ಕ್ಷಣದಲ್ಲಿ ಅವನನ್ನು ಎಳೆದುಕೊಂಡರೆ ಮದ್ದು ಅಲ್ಲಿ ಸಿಡಿಯುತ್ತದೆ, ಅವನು ಇಲ್ಲಿರುತ್ತಾನೆ. ಒಂದು ರೆಪ್ಪೆ ಹೊಡೆಯುವಷ್ಟು ಮುಂಚೆ ಎಳೆದರೆ ಮದ್ದೂ ಅವನ ಜೊತೆ ನಮ್ಮ ಮೇಲೇ ಬಂದು ಬೀಳುತ್ತದೆ.

ನವೆಂಬರ್ ಪೂರ್ತಿ ಅಯಾನ್ಲೆಯನ್ನು ಕೊಂದೆ. ಅವನು "ಎಳಿ" ಎಂದು ಕೂಗುವ ಹೊತ್ತಿಗೆ ತಡವಾಗಿರುತ್ತಿತ್ತು. ಕಡೆಗೆ ಒಂದು ವಿಷಯ ಕಣ್ಣಿಗೆ ಬಿತ್ತು: ಸಿಡಿಯುವ ಮುಂಚೆ ಕಲ್ಲುಗಣಿಯವನ ಎಡ ಭುಜ ಸ್ವಲ್ಪ ಕುಸಿಯುತ್ತದೆ. ಆಮೇಲೆ ನಾನು ಬೇರೇನನ್ನೂ ನೋಡಲಿಲ್ಲ, ಆ ಭುಜವನ್ನು ಮಾತ್ರ ನೋಡಿದೆ. ಫೆಬ್ರವರಿ ಹೊತ್ತಿಗೆ ಅಯಾನ್ಲೆ ಹಿಂತಿರುಗಿ ನೋಡುವುದನ್ನೇ ಬಿಟ್ಟ.

ಸಭಾಂಗಣದಲ್ಲಿ ಮೊದಲ ಸುತ್ತುಗಳನ್ನು ಬೇರೆ ಪಾತ್ರಗಳಿಂದ ಹೇಗೋ ದಾಟಿದೆವು. ವೇಗಾರ್‌ನ ತಂಡ ಇನ್ನೊಂದು ಕಡೆಯಿಂದ ಫೈನಲ್‌ಗೆ ಬಂತು. ಐದು ಆಟ, ಮೂರು ಗೆದ್ದವರಿಗೆ ಕಪ್.

ಮೊದಲ ಆಟಕ್ಕೆ ಅವನು ಮೈಕಿಗೆ ಹೋಗಿ ಕಮ್ಮಾರನನ್ನು ಹೊರಗಿಟ್ಟ. ಅವನ ಪಟ್ಟಿಯಲ್ಲಿ ಮೊದಲಿಗನಲ್ಲವೇ, ವೇಗಾರ್ ಯಾವಾಗಲೂ ಹೊರಗಿಡುವುದು ಕಮ್ಮಾರನನ್ನೇ. ನಾನು ದೋಣಿಯವಳನ್ನು ಆರಿಸಿದೆ. ದೊಡ್ಡ ತೆರೆಯ ಮೇಲೆ ಅವಳ ಮುಖ ಬಂದಾಗ ಇಡೀ ಸಭಾಂಗಣ ನಕ್ಕಿತು. ವೇಗಾರ್ ತನ್ನ ಕ್ಯಾಮೆರಾಕ್ಕೆ ತಿರುಗಿ, "ಅಯ್ಯೋ, ಇವಳಿನ್ನೂ ಅವಳನ್ನ ಬಿಟ್ಟಿಲ್ವಲ್ರೋ!" ಎಂದ. ಅವನು ಪಂದ್ಯವನ್ನೂ ಲೈವ್ ಹಾಕಿಕೊಂಡಿದ್ದ.

ಅಯಾನ್ಲೆ ಅವರ ನಡುವೆ ನುಗ್ಗಿದ. ಭುಜ ಕುಸಿಯಿತು. ಎಳೆದೆ. ಅಲ್ಲಿ ಮೂವರೂ ಸತ್ತರು, ಇಲ್ಲಿ ಅಯಾನ್ಲೆ ನನ್ನ ಪಕ್ಕದಲ್ಲಿ ಅಂಗಿ ಕೊಡವಿಕೊಂಡವನಂತೆ ನಿಂತಿದ್ದ. ನಗು ನಿಂತಿತು. ಇನ್ನೊಮ್ಮೆ ಎಳೆದಾಗ ಯಾರೋ "ಓಹೋ" ಎಂದರು. ಬಾಗಿಲು ಮುರಿಯಿತು.

"ಅದೃಷ್ಟ," ಎಂದ ವೇಗಾರ್ ಕ್ಯಾಮೆರಾಕ್ಕೆ. ಎರಡನೇ ಆಟಕ್ಕೂ ಕಮ್ಮಾರನನ್ನೇ ಹೊರಗಿಟ್ಟ. ಎರಡನೆಯದೂ ಹಾಗೇ ಮುಗಿಯಿತು, ಮೊದಲಿನದಕ್ಕಿಂತ ಬೇಗ.

ವಿರಾಮದಲ್ಲಿ ನಾನು ವಾಫೆಲ್ ಮಾರುವ ಕಟ್ಟೆಯ ಹತ್ತಿರ ನಿಂತಿದ್ದೆ. ಕೈಯಲ್ಲಿದ್ದ ದಪ್ಪ ಸಿಹಿ ದೋಸೆಯ ಮೇಲೆ ಕಂದು ಚೀಸ್ ಇನ್ನೂ ಕರಗುತ್ತಿತ್ತು. ವೇಗಾರ್ ಬಂದ, ಕ್ಯಾಮೆರಾ ಇಲ್ಲದೆ.

"ಚೆನ್ನಾಗಿ ಆಡ್ತಿದೀಯ ಕಣೇ."

"ಗೊತ್ತು."

"ನೋಡು ಸಿಗ್ನೆ, ಅದು ತಮಾಷೆಗೆ ಬರ್ದಿದ್ದು. ಇಷ್ಟೊಂದು ಹರಡುತ್ತೆ ಅಂತ ನನಗೇನ್ ಗೊತ್ತಿತ್ತಾ?"

"ಹರಡಿದ್ಮೇಲೆ ಗೊತ್ತಾಯ್ತಲ್ಲ. ಆಗೇನ್ ಮಾಡ್ದೆ? ಅಂಗಿ ಮಾರ್ದೆ."

ಅವನು ನಗಲು ನೋಡಿದ. ಆಗಲಿಲ್ಲ. "ಇವತ್ತೇ ತೆಗ್ದುಬಿಡ್ತೀನಿ. ಆ ಸಾಲು, ಅಂಗಿ, ಎಲ್ಲಾ. ಲೈವಲ್ಲೇ ಸಾರಿ ಕೇಳ್ತೀನಿ. ನಿನ್ನ ಹೆಸರು ಹೇಳಿ ಕೇಳ್ತೀನಿ. ನೀನು ಮುಂದಿನ ಆಟದಲ್ಲಿ ಅವಳನ್ನ ತಗೋಬೇಡ, ಅಷ್ಟೇ."

"ಗೆಲ್ಬೇಕು ಅಂತಾನಾ?"

"ಗೆಲ್ಲೋದು ಹಾಳಾಗ್ಲಿ. ನಮ್ ಹುಡುಗ್ರು ಅವಳನ್ನ ಹೊರಗಿಡು, ಹೊರಗಿಡು ಅಂತ ಪ್ರಾಣ ತಿಂತಿದಾರೆ. ಇಷ್ಟ್ ಜನ ನೋಡ್ತಿದಾರೆ. ನಾನು ಮೈಕಲ್ಲಿ ಹೇಗ್ ಹೇಳ್ಲಿ?"

"ಬಾಯಲ್ಲಿ ಹೇಳು."

ಅವನು ನನ್ನ ಮುಖ ನೋಡಿದ. ನಾನು ವಾಫೆಲ್ ಕಚ್ಚಿದೆ. ಬಿಸಿ ಚೀಸ್ ನಾಲಿಗೆ ಸುಟ್ಟಿತು. ತೋರಿಸಿಕೊಳ್ಳಲಿಲ್ಲ.

"ಎರಡು ವರ್ಷ ಒಟ್ಟಿಗೆ ಆಡಿದೀವಿ," ಎಂದ.

"ಅದು ಆಗಸ್ಟಲ್ಲಿ ನೆನಪಾಗ್ಬೇಕಿತ್ತು ಮಾರಾಯ."

ಮೇಜಿಗೆ ಮರಳಿದಾಗ ಮಾರ್ತೆ ಕಿವಿಯ ಹತ್ತಿರ ಬಂದಳು. "ಏನಂತೆ?"

"ಸಾರಿ ಕೇಳ್ತಾನಂತೆ. ದೋಣಿಯವಳನ್ನ ಬಿಟ್ರೆ."

"ಒಪ್ಕೊಂಡ್ಯಾ?" ಅವಳ ಕಣ್ಣು ದೊಡ್ಡದಾಯಿತು.

"ಇಲ್ಲ."

"ಸದ್ಯ," ಎಂದಳು. "ಅವನು ಅವಳನ್ನ ಹೊರಗಿಟ್ರೆ ಕಮ್ಮಾರ ಖಾಲಿ ಇರ್ತಾನೆ. ಗೆದ್ದವರು ನಾವು, ಮೊದಲು ಆರಿಸೋದು ನಾವೇ. ಅಯಾನ್ಲೆ, ಕೇಳ್ತಾ? ಕಮ್ಮಾರ ನಿಂದು."

ಯೋರುನ್ ಸೀಟಿ ಊದಿದರು. ವೇಗಾರ್ ಎದ್ದ. ಅವನ ತಂಡದ ಉದ್ದನೆಯ ಹುಡುಗ ಅವನ ತೋಳು ಹಿಡಿದು ಏನೋ ಹೇಳಿದ. ಪಿಸುಮಾತೇ, ಆದರೆ ನಮಗೆ ಕೇಳಿಸಿತು: "ನಿನ್ ಮರ್ಯಾದೆಗೋಸ್ಕರ ನಾವ್ ಸೋಲಕ್ಕಾಗಲ್ಲ ಕಣೋ." ವೇಗಾರ್ ತೋಳು ಬಿಡಿಸಿಕೊಂಡು ಮೈಕಿಗೆ ಹೋದ. ಅವನ ಮೇಜಿನ ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

"ಹೇಳಪ್ಪ," ಎಂದರು ಯೋರುನ್.

"ಪಟ್ಟೀಲಿ ಕೊನೆಯವಳು," ಎಂದ ಅವನು, ಮೈಕಿನಿಂದ ಮುಖ ಸರಿಸಿ.

"ಯಾವ ಪಟ್ಟಿ? ನನ್ ಹತ್ರ ಯಾವ ಪಟ್ಟೀನೂ ಇಲ್ಲ. ಹೆಸರು ಹೇಳು."

"ನಿಮಗೆ ಗೊತ್ತಲ್ಲ ಯೋರುನ್, ಈಗ ಎರಡು ಆಟದಲ್ಲಿ ಅವರು…"

"ನನಗೆ ಏನೂ ಗೊತ್ತಿಲ್ಲ. ಮೈಕ್ ಹತ್ರ ಬಾ. ಹೆಸರು."

ಹಿಂದಿನ ಮೇಜಿನಿಂದ ಯಾರೋ ನಗಲು ಶುರು ಮಾಡಿದರು. ವೇಗಾರ್‌ನ ಕುತ್ತಿಗೆ ಕೆಂಪಾಗಿತ್ತು. ಅವನು ನನ್ನ ಕಡೆ ನೋಡಿದ. ನಾನು ಕಣ್ಣು ಕದಲಿಸಲಿಲ್ಲ. ಈ ಒಂದು ನೋಟಕ್ಕೆ ಇಡೀ ಚಳಿಗಾಲ ಕಾದಿದ್ದೆ, ಬಿಟ್ಟುಕೊಡುವವಳಲ್ಲ.

"ದೋಣಿಯವಳು," ಎಂದ.

"ಕೇಳಿಸ್ಲಿಲ್ಲ," ಎಂದರು ಯೋರುನ್. ಅವರಿಗೆ ನಿಜವಾಗಿಯೂ ಕಿವಿ ಮಂದ.

"ದೋಣಿಯವಳು!"

ಸಭಾಂಗಣ ಎದ್ದು ನಿಂತು ಮೇಜು ಬಡಿಯಿತು. ಕಿತ್ತಳೆ ಹಣ್ಣೊಂದು ಗಾಳಿಯಲ್ಲಿ ಹಾರಿತು. ವೇಗಾರ್ ತನ್ನ ಕುರ್ಚಿಗೆ ಹೋಗಿ ಕ್ಯಾಮೆರಾ ಆಫ್ ಮಾಡಿದ. ಮಾರ್ತೆ ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ನನ್ನ ಎದೆಯೊಳಗೆ ಏನೋ ಸಡಿಲವಾಯಿತು. ಅದನ್ನು ಸಂತೋಷ ಎನ್ನಲಾರೆ. ಊಟವಿಲ್ಲದೆ ಕೆಲಸ ಮಾಡಿ ಕಡೆಗೆ ತಟ್ಟೆ ಮುಂದೆ ಕೂತಾಗ ಆಗುವಂಥದ್ದು.

ಮೂರನೇ ಆಟದಲ್ಲಿ ನಾನು ಯಾವುದೋ ಬಿಲ್ಲುಗಾರನನ್ನು ಆಡಿದೆ. ಒಂದು ಬಾಣವೂ ತಾಗಲಿಲ್ಲ, ಮತ್ತೆ ಮತ್ತೆ ಸತ್ತೆ. ಲೆಕ್ಕಕ್ಕೆ ಬರಲಿಲ್ಲ. ಅಯಾನ್ಲೆ ಕಮ್ಮಾರನನ್ನು ಹಿಡಿದು ಅವರ ಬಾಗಿಲನ್ನು ಒಬ್ಬನೇ ಒಡೆದು ಬಂದ. ವೇಗಾರ್ ಅವನ ಪಟ್ಟಿಯಲ್ಲಿ ಒಂದು ವಿಷಯ ಸರಿಯಾಗಿಯೇ ಬರೆದಿದ್ದ: ಕಮ್ಮಾರ ಮೊದಲಿಗನೇ.

ಕಪ್ ಹಿಡಿದು ಫೋಟೊ ತೆಗೆಸಿಕೊಂಡೆವು. ಮಾರ್ತೆ ಅತ್ತಳು. ಕೈ ಕುಲುಕುವ ಸಾಲಿನಲ್ಲಿ ವೇಗಾರ್ ನನ್ನ ಕೈಯನ್ನೂ ಕುಲುಕಿದ. ಅವನ ಅಂಗೈ ಒದ್ದೆಯಾಗಿತ್ತು.

"ಈಗ ಸಮಾಧಾನವಾಯ್ತಾ?"

"ಸೋಮವಾರ ಪಟ್ಟಿ ಮಾಡ್ತೀಯಲ್ಲ," ಎಂದೆ. "ನೋಡ್ತೀನಿ."

ನಿಜಕ್ಕೂ ಹೊಸ ಪಟ್ಟಿ ಮಾಡಿದ. ರಜೆಯ ಸೋಮವಾರ, ಅಂಗಡಿ ಮುಚ್ಚಿತ್ತು. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ಕೂತೆ. ಕೆಳಗಿನ ಸಾಲು ಮಾಯವಾಗಿತ್ತು. ಅದು ಎಂದೂ ಇರಲಿಲ್ಲವೇನೋ ಎಂಬಂತೆ ಐದೇ ಸಾಲು. ದೋಣಿಯವಳನ್ನು ಎರಡನೆಯದರಲ್ಲಿ ಕೂರಿಸಿ, "ಇವಳಲ್ಲಿ ಏನೋ ಇದೆ ಅಂತ ನನಗೆ ಮೊದ್ಲಿಂದ್ಲೂ ಅನಿಸ್ತಿತ್ತು," ಎಂದ. ಸಾರಿ ಎನ್ನಲಿಲ್ಲ. ನನ್ನ ಹೆಸರು ಎತ್ತಲಿಲ್ಲ.

ಚಾಟ್‌ನಲ್ಲಿ ನನ್ನ ಪೂರ್ತಿ ಹೆಸರಿನಿಂದಲೇ ಬರೆದೆ: 'ಆರನೇ ಸಾಲು ಎಲ್ಲಿ?'

ಅವನು ಓದಿದ್ದು ಕಂಡಿತು. ಮಾತು ತಡವರಿಸಿತು. ನಾನು ಮತ್ತೆ ಬರೆಯುವ ಮೊದಲೇ ಇನ್ಯಾರೋ ಅದನ್ನೇ ಕೇಳಿದರು. ಆಮೇಲೆ ಇನ್ನೊಬ್ಬರು. ಆಮೇಲೆ ಮೈಕಿನ ಮುಂದೆ ಅವನು ಕೂಗಿದ್ದರ ವಿಡಿಯೊ ತುಣುಕು ಒಂದರ ಹಿಂದೆ ಒಂದು. ಅವನು ನನ್ನನ್ನು ಚಾಟ್‌ನಿಂದ ಬ್ಲಾಕ್ ಮಾಡಿದ. ನಾನು ಬೇರೆ ಹೆಸರಿನಲ್ಲಿ ಬಂದೆ.

ಈಗ ಅವನು ಪಟ್ಟಿ ಮಾಡುವ ದಿನವೆಲ್ಲ ನಾನು ಹಾಜರಿರುತ್ತೇನೆ. ಅದೊಂದೇ ಪ್ರಶ್ನೆ, ಹೆಚ್ಚೇನೂ ಕೇಳುವುದಿಲ್ಲ. ಮೊನ್ನೆ ಮಾರ್ತೆ ನನ್ನ ಪಕ್ಕ ಕೂತು ನೋಡುತ್ತಿದ್ದಳು.

"ಸಾಕು ಬಿಡೇ," ಎಂದಳು. "ಗೆದ್ದಾಯ್ತು. ಅವನ ಬಾಯಲ್ಲಿ ಹೇಳಿಸಿದ್ದೂ ಆಯ್ತು. ಇನ್ನೂ ಏನು?"

"ಆಗಸ್ಟಿಂದ ಈಸ್ಟರ್‌ವರೆಗೆ ನಾನು ಕೇಳಿಸ್ಕೊಂಡೆ," ಎಂದೆ. "ಈಸ್ಟರ್ ಆಗಿ ಇನ್ನೂ ಒಂದು ತಿಂಗಳೂ ಆಗಿಲ್ಲ."

ತೆರೆಯ ಮೇಲೆ ವೇಗಾರ್ ಬಿಲ್ಲುಗಾರನ ಬಗ್ಗೆ ಏನೋ ಹೇಳುತ್ತಿದ್ದ, ಕಣ್ಣು ಮಾತ್ರ ಪಕ್ಕದಲ್ಲಿ ಓಡುತ್ತಿದ್ದ ಚಾಟ್‌ನ ಮೇಲೆ. ಒಂದೊಂದು ಹೆಸರನ್ನೂ ಓದುತ್ತಾ ಯಾವುದು ನಾನು ಎಂದು ಹುಡುಕುತ್ತಿದ್ದ. ಇನ್ನಷ್ಟು ಹುಡುಕಲಿ ಎಂದು ನಾನು ನಿಧಾನವಾಗಿ ಬೆರಳು ಒರೆಸಿಕೊಂಡು ಟೈಪ್ ಮಾಡತೊಡಗಿದೆ.